ಕಾಡ್ಗಿಚ್ಚು ಆರಬೇಕಾದದ್ದು ಡಿಸೆಂಬರಿನಲ್ಲಿ

2019ರ ಫೆಬ್ರುವರಿ 23, ಶನಿವಾರ. ಬೆಂಗಳೂರಿನ ಯಲಹಂಕದಲ್ಲಿ ಏರೋ ಇಂಡಿಯಾ ಪ್ರದರ್ಶನಕ್ಕೆ ಜನ ಕಿಕ್ಕಿರಿದಿದ್ದರು. ವಾಹನ ನಿಲ್ಲಿಸಲು ಬಿಟ್ಟಿದ್ದ ಬಯಲಿನ ಒಣಹುಲ್ಲಿಗೆ ಬೆಂಕಿ ಹೊತ್ತಿಕೊಂಡಿತು. ನೋಡನೋಡುತ್ತಿದ್ದಂತೆ ಸುಮಾರು 300 ಕಾರುಗಳು ಸುಟ್ಟು ಕರಕಲಾದವು. ಆ ಕಪ್ಪು ಹೊಗೆಯ ಚಿತ್ರವನ್ನು ನಾಡೆಲ್ಲ ಟಿವಿಯಲ್ಲಿ ನೋಡಿತು. ಅದೇ ಹೊತ್ತಿನಲ್ಲಿ, ಅಲ್ಲಿಂದ ಇನ್ನೂರು ಚಿಲ್ಲರೆ ಕಿಲೋಮೀಟರ್ ದೂರದ ಗುಂಡ್ಲುಪೇಟೆ ತಾಲ್ಲೂಕಿನ ಬಂಡೀಪುರ ಕಾಡಿನಲ್ಲಿ, ಗೋಪಾಲಸ್ವಾಮಿ ಬೆಟ್ಟದ ಸುತ್ತಲೂ ಅಂಥದೇ ಒಣಹುಲ್ಲು ಉರಿಯುತ್ತಿತ್ತು. ನಗರದ ಬೆಂಕಿ ಕೆಲವೇ ಗಂಟೆಗಳಲ್ಲಿ ಆರಿತು. ಬಂಡೀಪುರದ ಬೆಂಕಿಗೆ ದಿನಗಳು ಬೇಕಾದವು.

ಆ ವಾರ ಬಂಡೀಪುರದ ಬೆಟ್ಟಸಾಲು ರಾತ್ರಿಯ ಹೊತ್ತು ಕೆಂಪು ದಾರ ಸುತ್ತಿದ ಹಾಗೆ ಕಾಣುತ್ತಿತ್ತು. ಅರಣ್ಯ ಇಲಾಖೆಯ ಸಿಬ್ಬಂದಿ, ಅಗ್ನಿಶಾಮಕ ದಳ, ಹಾಡಿಯ ಜನ, ಮೈಸೂರು ಬೆಂಗಳೂರುಗಳಿಂದ ಧಾವಿಸಿದ ಸ್ವಯಂಸೇವಕರು ಹಗಲು ರಾತ್ರಿ ಒಂದು ಮಾಡಿ ದುಡಿದರು. ಫೆಬ್ರುವರಿ 25ರಂದು ವಾಯುಪಡೆಯ ಎಂಐ-17 ಹೆಲಿಕಾಪ್ಟರ್‌ಗಳು ಬಂದು, ಹೊಟ್ಟೆಯ ಕೆಳಗೆ ತೂಗುಬಿಟ್ಟ ದೊಡ್ಡ ಚೀಲಗಳಿಂದ ಬೆಟ್ಟದ ಮೇಲೆ ನೀರು ಸುರಿದವು. ಎಲ್ಲ ಮುಗಿದ ಮೇಲೆ ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರ ಉಪಗ್ರಹ ಚಿತ್ರಗಳನ್ನು ಮುಂದಿಟ್ಟುಕೊಂಡು ಲೆಕ್ಕ ಹಾಕಿತು: ಸುಟ್ಟದ್ದು 4,419 ಹೆಕ್ಟೇರ್‌ಗೂ ಮಿಕ್ಕಿ, ಅಂದರೆ ಸುಮಾರು 10,920 ಎಕರೆ.

ಹೆಲಿಕಾಪ್ಟರ್ ಬಂದದ್ದು ಸರಿಯೇ. ಕಡಿದಾದ ಇಳಿಜಾರಿಗೆ ಮನುಷ್ಯ ಹತ್ತಲಾಗದ ಕಡೆ ಅದು ಬೇಕು. ಆದರೆ ಆ ದೃಶ್ಯ ನಮ್ಮ ನೆನಪಿನಲ್ಲಿ ಒಂದು ತಪ್ಪು ಚಿತ್ರವನ್ನು ಉಳಿಸಿತು. ಕಾಡ್ಗಿಚ್ಚು ಎಂದರೆ ಫೆಬ್ರುವರಿಯಲ್ಲಿ ಬರುವ ವಿಪತ್ತು, ಅದನ್ನು ಆರಿಸುವುದು ಆಕಾಶದಿಂದ ಬರುವ ನೀರು ಎಂಬ ಚಿತ್ರ ಅದು. ಕಾಡಿನೊಳಗೆ ಕೆಲಸ ಮಾಡುವ ಯಾವ ಗಾರ್ಡನ್ನು ಕೇಳಿದರೂ ಇದು ಹಾಗಲ್ಲ ಎನ್ನುತ್ತಾರೆ. ಮೇಲಿನಿಂದ ಬಿದ್ದ ನೀರು ಜ್ವಾಲೆಯನ್ನು ತಗ್ಗಿಸುತ್ತದೆ. ಬಿದ್ದ ದಿಮ್ಮಿಯೊಳಗಿನ ಕೆಂಡವನ್ನು, ಒಣಮರದ ಪೊಟರೆಯಲ್ಲಿ ಬುಸುಗುಟ್ಟುವ ಬೆಂಕಿಯನ್ನು ಅದು ತಲುಪುವುದಿಲ್ಲ. ಅಂಥ ಒಂದು ಮರ ಎರಡು ದಿನ ಬಿಟ್ಟು ಉರುಳಿ ಕೆಂಡ ಚೆಲ್ಲಿದರೆ, ಆರಿತು ಎಂದುಕೊಂಡ ಬೆಂಕಿ ಮತ್ತೆ ಏಳುತ್ತದೆ. ಅದರ ಪಕ್ಕದಲ್ಲಿ ಒಬ್ಬ ಮನುಷ್ಯ ನಿಂತು, ಮಣ್ಣು ಎಳೆದು ಮುಚ್ಚಿ, ಕಾದು ಕೂರಲೇಬೇಕು.

ಆ ಮನುಷ್ಯನ ಕೆಲಸ ಶುರುವಾಗುವುದು ಬೆಂಕಿ ಬಿದ್ದ ದಿನವಲ್ಲ. ಮಳೆ ನಿಂತ ಮರುವಾರ.

ಬಂಡೀಪುರ, ನಾಗರಹೊಳೆ, ಬಿಳಿಗಿರಿರಂಗನ ಬೆಟ್ಟದಂಥ ಕಡೆ ನವೆಂಬರ್ ಕಳೆಯುತ್ತಿದ್ದಂತೆ ಬೆಂಕಿ ರೇಖೆಯ ಕೆಲಸ ಆರಂಭವಾಗುತ್ತದೆ. ಹೆಚ್ಚಿನವರು ಅದನ್ನು ಫೈರ್‌ಲೈನ್ ಎಂದೇ ಕರೆಯುತ್ತಾರೆ. ರಸ್ತೆಯ ಎರಡು ಬದಿ, ವಲಯಗಳ ಗಡಿ, ಊರಿನ ಅಂಚು, ನೆರೆ ರಾಜ್ಯದ ಗಡಿ, ಹೀಗೆ ನೂರಾರು ಕಿಲೋಮೀಟರ್ ಉದ್ದಕ್ಕೂ ಒಂದು ಪಟ್ಟಿಯ ಅಗಲದಲ್ಲಿ ಹುಲ್ಲು, ಪೊದೆ, ಲಂಟಾನ ಕಡಿದು ಹಾಕುತ್ತಾರೆ. ಕಡಿದದ್ದು ಬಿಸಿಲಿಗೆ ಒಣಗಬೇಕು. ಒಣಗಿದ ಮೇಲೆ, ಗಾಳಿ ಇಲ್ಲದ ತಂಪು ಹೊತ್ತು ನೋಡಿ, ಒಂದು ತುದಿಯಿಂದ ಬೆಂಕಿ ಕೊಡುತ್ತಾರೆ. ಪಟ್ಟಿಯ ಎರಡು ಕಡೆಯೂ ಜನ ಹಸಿ ಸೊಪ್ಪಿನ ಕೊಂಬೆ ಹಿಡಿದು ಜೊತೆಜೊತೆಗೇ ನಡೆಯುತ್ತಾರೆ. ಜ್ವಾಲೆ ಪಟ್ಟಿ ದಾಟಿ ಕಾಡಿನ ಕಡೆ ನಾಲಿಗೆ ಚಾಚಿದರೆ ಬಡಿದು ಆರಿಸುತ್ತಾರೆ. ಕೊನೆಗೆ ಉಳಿಯುವುದು ಬೂದಿಯ ಒಂದು ಬರಿಯ ದಾರಿ. ಫೆಬ್ರುವರಿಯಲ್ಲಿ ಎಲ್ಲಿಂದಲೋ ಓಡಿಬರುವ ಬೆಂಕಿ ಈ ದಾರಿಯ ತನಕ ಬಂದು, ತಿನ್ನಲು ಏನೂ ಸಿಗದೆ ನಿಲ್ಲಬೇಕು.

ಹೇಳುವಷ್ಟು ಸುಲಭದ ಕೆಲಸವಲ್ಲ ಇದು. ಬೇಗ ಸುಡಲು ಹೋದರೆ ಹುಲ್ಲಿನ ಹಸಿ ಆರಿರುವುದಿಲ್ಲ, ಅರ್ಧಂಬರ್ಧ ಸುಟ್ಟು ಉಳಿದದ್ದು ಮುಂದೆ ಬೆಂಕಿಗೆ ಸೇತುವೆಯಾಗುತ್ತದೆ. ತಡ ಮಾಡಿದರೆ ಗಾಳಿ ಏಳುತ್ತದೆ, ರೇಖೆ ಸುಡಲು ಹಚ್ಚಿದ ಬೆಂಕಿಯೇ ಕೈಮೀರುತ್ತದೆ. ಇವೆರಡರ ನಡುವೆ ಸಿಗುವುದು ಕೆಲವೇ ವಾರ. ಡಿಸೆಂಬರಿನಲ್ಲಿ ಅಕಾಲ ಮಳೆ ಬಂದರೆ ಅದರಲ್ಲೂ ಅರ್ಧ ಹೋಯಿತು. ಈ ಸಣ್ಣ ಅವಧಿಯಲ್ಲಿ ಕೈಗೆ ಜನ ಇರಬೇಕು, ಕೂಲಿಗೆ ಹಣ ಇರಬೇಕು, ಜೀಪಿಗೆ ಡೀಸೆಲ್ ಇರಬೇಕು. ಮಂಜೂರಾದ ಹಣ ಕಡತದ ಮೆಟ್ಟಿಲಿಳಿದು ವಲಯ ಕಚೇರಿಗೆ ಬರುವ ಹೊತ್ತಿಗೆ ಸಂಕ್ರಾಂತಿ ಕಳೆದಿದ್ದರೆ, ಆ ವರ್ಷದ ಬೆಂಕಿಯ ಅರ್ಧ ಹಣೆಬರಹ ಆಗಲೇ ಬರೆದು ಮುಗಿದಿರುತ್ತದೆ. ನಾವು ಟಿವಿಯಲ್ಲಿ ನೋಡುವುದು ಉಳಿದ ಅರ್ಧವನ್ನು.

ಈ ಕೆಲಸದಲ್ಲಿ ಜೀವ ಹೋಗುತ್ತದೆ ಎಂಬುದನ್ನು ನಾಡು ಬೇಗ ಮರೆಯುತ್ತದೆ. 2017ರ ಫೆಬ್ರುವರಿಯಲ್ಲಿ ಬಂಡೀಪುರದ ಕಲ್ಕೆರೆ ವಲಯದಲ್ಲಿ ಬೆಂಕಿ ಆರಿಸಲು ಹೋದ ಒಬ್ಬ ಯುವ ಅರಣ್ಯ ರಕ್ಷಕ ಜ್ವಾಲೆಗೆ ಸಿಕ್ಕಿ ಸತ್ತರು. 2023ರ ಫೆಬ್ರುವರಿಯಲ್ಲಿ ಸಕಲೇಶಪುರ ತಾಲ್ಲೂಕಿನ ಕಾಡುಮನೆ ಬಳಿಯ ಬೆಟ್ಟದಲ್ಲಿ ಮತ್ತೊಬ್ಬ ರಕ್ಷಕ ತೀವ್ರ ಸುಟ್ಟಗಾಯಗಳಿಂದ ಪ್ರಾಣಬಿಟ್ಟರು, ಅವರ ಸಂಗಡಿಗರೂ ಗಾಯಗೊಂಡರು. 2020ರ ಫೆಬ್ರುವರಿಯಲ್ಲಿ ಕೇರಳದ ತ್ರಿಶೂರು ಜಿಲ್ಲೆಯಲ್ಲಿ ಮೂವರು ಅರಣ್ಯ ವಾಚರ್‌ಗಳು ಒಂದೇ ಬೆಂಕಿಯಲ್ಲಿ ಸತ್ತರು. 2024ರ ಜೂನ್ 13ರಂದು ಉತ್ತರಾಖಂಡದ ಬಿನ್ಸರ್ ವನ್ಯಜೀವಿಧಾಮದಲ್ಲಿ ನಾಲ್ವರು ಅದೇ ದಿನ ಜೀವ ಕಳೆದುಕೊಂಡರು. ಊರು ಬೇರೆ, ಕಾಡು ಬೇರೆ, ಆದರೆ ಸಾಯುವವರು ಎಲ್ಲ ಕಡೆ ಒಂದೇ ವರ್ಗದವರು. ರಕ್ಷಕರು, ವಾಚರ್‌ಗಳು, ದಿನಗೂಲಿಯವರು.

ಇಳಿಜಾರಿನಲ್ಲಿ ಬೆಂಕಿಯ ನಡೆ ಮನುಷ್ಯನ ಅಂದಾಜಿಗೆ ಸಿಗುವುದಿಲ್ಲ. ಬಯಲಿನಲ್ಲಿ ನಡಿಗೆಯ ವೇಗದಲ್ಲಿ ಬರುವ ಬೆಂಕಿ ಏರು ಸಿಕ್ಕೊಡನೆ ಓಡುತ್ತದೆ. ಇಳಿಜಾರು ಹತ್ತು ಡಿಗ್ರಿ ಹೆಚ್ಚಿದರೆ ಅದರ ವೇಗ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ ಎಂಬುದು ಜಗತ್ತಿನ ಎಲ್ಲ ಕಡೆಯ ಬೆಂಕಿ ಸಿಬ್ಬಂದಿ ಕಲಿಯುವ ಮೊದಲ ಪಾಠ. ಕೆಳಗಿನ ಜ್ವಾಲೆ ಮೇಲಿನ ಹುಲ್ಲನ್ನು ಮುಟ್ಟುವ ಮೊದಲೇ ಬಿಸಿಗಾಳಿಯಿಂದ ಅದನ್ನು ಒಣಗಿಸಿ ಸಿದ್ಧ ಮಾಡಿಟ್ಟಿರುತ್ತದೆ. ಹಾಗಾಗಿ ಬೆಂಕಿಯ ಮೇಲ್ಗಡೆ, ಆಳೆತ್ತರದ ಲಂಟಾನ ಪೊದೆಯ ನಡುವೆ ನಿಂತವನಿಗೆ ಓಡಲು ದಾರಿಯಿರುವುದಿಲ್ಲ. ಕೈಯಲ್ಲಿರುವುದು ಹಸಿ ಸೊಪ್ಪು, ಮಚ್ಚು, ಒಂದು ಬಾಟಲಿ ನೀರು. ಈಚಿನ ವರ್ಷಗಳಲ್ಲಿ ಬೆನ್ನಿಗೆ ಕಟ್ಟಿಕೊಂಡು ತರಗೆಲೆ ಊದಿ ಸರಿಸುವ ಬ್ಲೋಯರ್‌ಗಳು ಬಂದಿವೆ, ಡ್ರೋನ್‌ಗಳು ಬಂದಿವೆ. ಆದರೆ ಬೆಂಕಿ ತಡೆಯುವ ಬಟ್ಟೆ, ಬೂಟು, ಮುಖಗವಸು ಬೆಂಕಿಯ ಮುಂದಿನ ಸಾಲಿನಲ್ಲಿ ನಿಲ್ಲುವ ಪ್ರತಿಯೊಬ್ಬ ಹಂಗಾಮಿ ವಾಚರ್‌ಗೂ ಸಿಗಬೇಕು. ಪಾಲಿಸ್ಟರ್ ಅಂಗಿ ಕಾವಿಗೆ ಕರಗಿ ಮೈಗೆ ಅಂಟುತ್ತದೆ ಎಂಬುದು ಗೊತ್ತಿದ್ದೂ ಅದೇ ಅಂಗಿಯಲ್ಲಿ ಜನರನ್ನು ಬೆಂಕಿಗೆ ಕಳಿಸುವುದು ಅನ್ಯಾಯ.

ಇಷ್ಟಕ್ಕೂ ಅಲ್ಲಿ ಉರಿಯುವುದು ಏನು? ಬಂಡೀಪುರದಂಥ ಒಣ ಎಲೆಯುದುರು ಕಾಡಿನ ಮರಗಳು ಬೆಂಕಿಗೆ ಅಪರಿಚಿತವಲ್ಲ. ತೇಗ, ಮತ್ತಿ, ದಿಂಡಿಗ, ಹೊನ್ನೆ ಬೇಸಿಗೆಯ ಹೊತ್ತಿಗೆ ಎಲೆ ಉದುರಿಸಿ ನಿಂತಿರುತ್ತವೆ. ಮತ್ತಿಯ ತೊಗಟೆ ಮೊಸಳೆಯ ಬೆನ್ನಿನ ಹಾಗೆ ದಪ್ಪ, ಒಡಕು ಒಡಕು. ನೆಲದ ಮೇಲೆ ಮೊಣಕಾಲೆತ್ತರದಲ್ಲಿ ಸರಿದುಹೋಗುವ ಬೆಂಕಿಯನ್ನು ದೊಡ್ಡ ಮರ ತಾಳಿಕೊಳ್ಳುತ್ತದೆ. ತಾಳಲಾಗದ್ದು ಸಸಿ. ಪ್ರತಿ ಎರಡು ಮೂರು ವರ್ಷಕ್ಕೊಮ್ಮೆ ಜೋರು ಬೆಂಕಿ ಬಿದ್ದರೆ ಯಾವ ಸಸಿಯೂ ಮರವಾಗುವಷ್ಟು ಕಾಲ ಬದುಕುವುದಿಲ್ಲ. ಹೊರಗಿನಿಂದ ನೋಡಿದವರಿಗೆ ಕಾಡು ಹಾಗೇ ಇದ್ದಂತೆ ಕಾಣುತ್ತದೆ. ಒಳಗೆ ಮುದಿಮರಗಳಷ್ಟೇ ಉಳಿದಿರುತ್ತವೆ.

ಬಂಡೀಪುರಕ್ಕೆ ಅಂಟಿಕೊಂಡ ಮುದುಮಲೆಯ ಹಳೆಯ ದಾಖಲೆಗಳನ್ನು ಇಟ್ಟುಕೊಂಡು ಸಂಶೋಧಕರು 2004ರಲ್ಲಿ ಒಂದು ಹೋಲಿಕೆ ಪ್ರಕಟಿಸಿದರು. 1910ರ ದಶಕದಲ್ಲಿ ಅಲ್ಲಿ ಒಂದು ಜಾಗಕ್ಕೆ ಬೆಂಕಿ ಮರಳಿ ಬರಲು ಸರಾಸರಿ ಹತ್ತು ವರ್ಷ ಹಿಡಿಯುತ್ತಿತ್ತು. 1990ರ ದಶಕದಿಂದ ಈಚೆಗೆ ಅದು ಮೂರು ವರ್ಷ ಚಿಲ್ಲರೆಗೆ ಇಳಿದಿತ್ತು. ಎಂಬತ್ತು ವರ್ಷದಲ್ಲಿ ಮೂರು ಪಟ್ಟು ಹೆಚ್ಚಳ. ಅಂದರೆ ಬೆಂಕಿಯನ್ನು ಅಪರಾಧವೆಂದು ಸಾರಿ, ಕಾನೂನು ಮಾಡಿ, ಸಿಬ್ಬಂದಿ ಇಟ್ಟ ಮೇಲೂ ಬೆಂಕಿ ಕಡಿಮೆಯಾಗಲಿಲ್ಲ, ಹೆಚ್ಚಿತು.

ಬೆಂಕಿಗೆ ಮೇವು ಹೆಚ್ಚಿದ್ದೂ ಇದಕ್ಕೆ ಒಂದು ಕಾರಣ. ಅಮೆರಿಕದ ಉಷ್ಣವಲಯದಿಂದ ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ತೋಟದ ಅಂದಕ್ಕೆಂದು ತಂದ ಲಂಟಾನ ಇಂದು ನಮ್ಮ ಒಣ ಕಾಡುಗಳ ನೆಲವನ್ನೇ ಆಕ್ರಮಿಸಿದೆ. ಹುಲ್ಲಿನ ಬೆಂಕಿ ಒಂದಾಳಿನ ಸೊಂಟದ ಮಟ್ಟ ಮೀರುವುದು ಕಡಿಮೆ. ಅದೇ ಬೆಂಕಿ ಒಣಗಿದ ಲಂಟಾನಕ್ಕೆ ಸಿಕ್ಕರೆ ಏಣಿ ಸಿಕ್ಕಂತೆ, ಪೊದೆ ಹತ್ತಿ ಮರದ ಕೊಂಬೆ ಮುಟ್ಟುತ್ತದೆ. ಇನ್ನೊಂದು ಕಡೆ ಬಿದಿರು. ಬಂಡೀಪುರ, ನಾಗರಹೊಳೆಗಳಲ್ಲಿ ದಶಕದ ಹಿಂದೆ ಬಿದಿರು ಒಟ್ಟೊಟ್ಟಿಗೆ ಹೂಬಿಟ್ಟು ಸತ್ತಿತು. ಒಣಗಿದ ಮೆಳೆಗಳು ಕಾಡಿನ ತುಂಬ ಸೌದೆ ಒಟ್ಟಿದಂತೆ ಬಿದ್ದುಕೊಂಡವು. ಇದರ ಮೇಲೆ ಹಿಂಗಾರು ಕೈಕೊಟ್ಟ ಒಂದು ವರ್ಷ ಬಂದರೆ ಒಂದು ಬೀಡಿಯ ತುಂಡೇ ಸಾಕು.

ಬಿಳಿಗಿರಿರಂಗನ ಬೆಟ್ಟದ ಸೋಲಿಗ ಆದಿವಾಸಿಗಳಿಗೆ ಈ ವಿಷಯದಲ್ಲಿ ಹೇಳಲು ಬಹಳ ಇದೆ. ಅವರ ಮಾತಿನಲ್ಲಿ 'ತರಗು ಬೆಂಕಿ' ಎಂಬುದು ಒಂದು ಪದ್ಧತಿಯ ಹೆಸರು. ಚಳಿಗಾಲ ಕಳೆಯುವ ಹೊತ್ತಿಗೆ, ನೆಲದಲ್ಲಿ ಇನ್ನೂ ಅಷ್ಟಿಷ್ಟು ತೇವ ಇರುವಾಗಲೇ, ಉದುರಿದ ತರಗೆಲೆಗೆ ಅಲ್ಲಲ್ಲಿ ಬೆಂಕಿ ಕೊಡುತ್ತಿದ್ದರು. ಆ ಬೆಂಕಿ ತಗ್ಗಿನಲ್ಲೇ ಸರಿದು, ಹಸಿ ಸಿಕ್ಕ ಕಡೆ ತಾನಾಗಿ ಆರುತ್ತಿತ್ತು. ಕಾಲುದಾರಿ ಕಾಣುತ್ತಿತ್ತು, ಕರಡಿ ಆನೆ ದೂರದಿಂದಲೇ ಕಾಣುತ್ತಿದ್ದವು, ಮೊದಲ ಮಳೆಗೆ ಎಳೆಹುಲ್ಲು ಏಳುತ್ತಿತ್ತು. ಮುಂದೆ ಬಿರುಬೇಸಿಗೆಯಲ್ಲಿ ದೊಡ್ಡ ಬೆಂಕಿಗೆ ಸುಡಲು ಏನೂ ಉಳಿದಿರುತ್ತಿರಲಿಲ್ಲ. 1974ರಲ್ಲಿ ಆ ಬೆಟ್ಟ ವನ್ಯಜೀವಿಧಾಮವಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಭಯಾರಣ್ಯದಲ್ಲಿ ಬೆಂಕಿ ಹಚ್ಚುವುದು ಅಪರಾಧ. ತರಗು ಬೆಂಕಿ ನಿಂತಿತು.

ನಿಂತ ಮೇಲೆ ಏನಾಯಿತು ಎಂಬುದನ್ನು ಸೋಲಿಗರು ಎರಡು ಗಿಡಗಳ ಮೂಲಕ ಹೇಳುತ್ತಾರೆ. ಒಂದು ಲಂಟಾನ. ಅದರ ಬೀಜವನ್ನೂ ಎಳೆ ಸಸಿಯನ್ನೂ ತರಗು ಬೆಂಕಿ ಸುಟ್ಟು ಹದ್ದುಬಸ್ತಿನಲ್ಲಿಡುತ್ತಿತ್ತು, ಬೆಂಕಿ ನಿಂತದ್ದೇ ಅದು ಹಬ್ಬಿತು ಎಂಬುದು ಅವರ ವಾದ. ಇನ್ನೊಂದು ಉಪ್ಪಿಲು, ನೆಲ್ಲಿ ಮರದ ಕೊಂಬೆಯ ಮೇಲೆ ಬೇರೂರಿ ಅದರ ಸಾರ ಹೀರುವ ಬಂದಳಿಕೆ. ಮೊದಲು ಹೊಗೆ ಮತ್ತು ಕಾವು ಉಪ್ಪಿಲನ್ನು ಕೊಲ್ಲುತ್ತಿತ್ತು, ಈಗ ಅದೇ ನೆಲ್ಲಿಯನ್ನು ಕೊಲ್ಲುತ್ತಿದೆ ಎನ್ನುತ್ತಾರೆ. ನೆಲ್ಲಿಕಾಯಿ ಅವರಿಗೆ ಜೀವನೋಪಾಯ, ಹಾಗಾಗಿ ಪ್ರತಿ ಮರದ ಲೆಕ್ಕ ಅವರ ಬಳಿ ಇರುತ್ತದೆ. ಸಂಶೋಧಕರು ಬಿಳಿಗಿರಿರಂಗನ ಬೆಟ್ಟದಲ್ಲಿ ಗುರುತು ಮಾಡಿಟ್ಟ ಜಾಗಗಳಿಗೆ ಹನ್ನೊಂದು ವರ್ಷ ಬಿಟ್ಟು ಮರಳಿ ಹೋಗಿ ಎಣಿಸಿದಾಗ, 1997ರಲ್ಲಿ ನೂರಕ್ಕೆ ಸುಮಾರು ನಲವತ್ತು ಕಡೆ ಕಂಡಿದ್ದ ಲಂಟಾನ 2008ರಲ್ಲಿ ಸುಮಾರು ಎಂಬತ್ತು ಕಡೆ ಇತ್ತು. ಸೋಲಿಗರ ಮಾತನ್ನು ಕೇವಲ ಹಳಬರ ಹಂಬಲ ಎಂದು ತಳ್ಳಿಹಾಕಲು ಇನ್ನು ಬರುವುದಿಲ್ಲ.

ಬೆಂಕಿಯನ್ನು ಕಾಡಿನಿಂದ ಪೂರ್ತಿ ಹೊರಗಿಡಬೇಕೆಂಬ ಹಟ ನಮ್ಮ ಕಾಡುಗಳಿಗೆ ಬಂದದ್ದು ಬ್ರಿಟಿಷ್ ಆಡಳಿತದೊಡನೆ. 1860ರ ದಶಕದಲ್ಲಿ ಮಧ್ಯಪ್ರಾಂತ್ಯದ ಬೋರಿ ಕಾಡಿನಲ್ಲಿ ಮೊದಲ ಬಾರಿಗೆ ಬೆಂಕಿಯಿಂದ ಸಂಪೂರ್ಣ ರಕ್ಷಣೆಯ ಪ್ರಯೋಗ ನಡೆಯಿತು. ಅದು ಬೇಗನೆ ಇಲಾಖೆಯ ನೀತಿಯಾಯಿತು. ಆದರೆ ಅದೇ ಇಲಾಖೆಯ ಅಧಿಕಾರಿಗಳು ಬರ್ಮಾದ ತೇಗದ ಕಾಡುಗಳಲ್ಲಿ ಬೇರೆಯದನ್ನೇ ಕಂಡರು. ಬೆಂಕಿ ತಡೆದ ಕಡೆಯಲ್ಲೆಲ್ಲ ಬಿದಿರು, ಪೊದೆ ದಟ್ಟವಾಗಿ ಬೆಳೆದು ತೇಗದ ಸಸಿ ಏಳಲೇ ಇಲ್ಲ. ಇಪ್ಪತ್ತನೇ ಶತಮಾನದ ಮೊದಲ ದಶಕದಿಂದಲೇ ಅಲ್ಲಿ ಬೆಂಕಿ ರಕ್ಷಣೆಯನ್ನು ಕೈಬಿಡತೊಡಗಿದರು. ತಮ್ಮ ಕಣ್ಣಿಗೆ ಕಂಡದ್ದನ್ನು ಒಪ್ಪಿ ನೀತಿ ಬದಲಿಸುವ ಧೈರ್ಯ ಅವರಿಗಿತ್ತು. ನೂರು ವರ್ಷದ ನಂತರ ನಮ್ಮ ಒಣ ಕಾಡುಗಳ ಬಗ್ಗೆ ಅಂಥ ಚರ್ಚೆ ಇನ್ನೂ ಹಿಂಜರಿಯುತ್ತಲೇ ನಡೆಯುತ್ತಿದೆ.

ಹಾಗೆಂದು ನಾಳೆಯೇ ಎಲ್ಲ ಕಡೆ ತರಗು ಬೆಂಕಿ ಹಚ್ಚಬೇಕು ಎನ್ನುವವರು ಅರ್ಧ ಮಾತು ಆಡುತ್ತಿದ್ದಾರೆ. ಸೋಲಿಗರ ಬೆಂಕಿ ತೆಳ್ಳಗಿದ್ದ ಕಾಡಿಗೆ ಹೊಂದುವ ಬೆಂಕಿ. ಇಂದು ತಲೆ ಮೀರಿ ಬೆಳೆದ ಲಂಟಾನದ ನಡುವೆ ಅದೇ ಬೆಂಕಿ ಕೊಟ್ಟರೆ ಅದು ತರಗಿನ ಬೆಂಕಿಯಾಗಿ ಉಳಿಯುವುದಿಲ್ಲ. ಮೇಲಾಗಿ ಸುಟ್ಟ ಲಂಟಾನ ಬೇರಿನಿಂದ ಮತ್ತೆ ಚಿಗುರುತ್ತದೆ, ಬೆಂಕಿ ಬಿಸಿಲಿಗೆ ದಾರಿ ಮಾಡಿಕೊಟ್ಟು ಅದರ ಹಬ್ಬುವಿಕೆಗೇ ನೆರವಾಗುತ್ತದೆ ಎಂಬ ಸಂಶೋಧಕರ ಎಚ್ಚರಿಕೆಯೂ ಇದೆ. ನೆಲದ ಮೇಲೆ ಮೊಟ್ಟೆಯಿಡುವ ಹಕ್ಕಿಗಳು, ಆಮೆ, ಹಾವು, ಹುಳುಗಳ ಪಾಡನ್ನೂ ಯೋಚಿಸಬೇಕು. ಆದ್ದರಿಂದ ಮೊದಲು ಲಂಟಾನ ಬೇರುಸಹಿತ ಹೋಗಬೇಕು, ಆಮೇಲೆ ಸಣ್ಣ ಸಣ್ಣ ತುಂಡು ಜಾಗಗಳಲ್ಲಿ ಸೋಲಿಗರ ಮುಂದಾಳ್ತನದಲ್ಲೇ ಪರೀಕ್ಷೆ ನಡೆದು, ಫಲಿತಾಂಶ ಎಲ್ಲರ ಮುಂದೆ ಬರಬೇಕು.

ಮಲೆನಾಡಿನ ಮಾತು ಪೂರ್ತಿ ಬೇರೆ. ಕುದುರೆಮುಖ, ಚಾರ್ಮಾಡಿ, ಬಾಬಾಬುಡನ್‌ಗಿರಿಯ ಶೋಲಾ ಕಾಡುಗಳು ಹಾಗೂ ಪಶ್ಚಿಮಘಟ್ಟದ ನಿತ್ಯಹರಿದ್ವರ್ಣ ಕಾಡುಗಳ ತೆಳುತೊಗಟೆಯ ಮರಗಳಿಗೆ ಬೆಂಕಿಯ ಪರಿಚಯವೇ ಇಲ್ಲ. ಅಲ್ಲಿ ಸಣ್ಣ ಬೆಂಕಿಯೂ ಕೊಲೆ. 2023ರ ಮಾರ್ಚಿನಲ್ಲಿ ಗೋವಾದ ಮಹದಾಯಿ ಅಭಯಾರಣ್ಯದಲ್ಲಿ ದಿನಗಟ್ಟಲೆ ಬೆಂಕಿ ಕಾಣಿಸಿಕೊಂಡು ನೌಕಾಪಡೆ, ವಾಯುಪಡೆಯ ಹೆಲಿಕಾಪ್ಟರ್‌ಗಳು ಹಾರಬೇಕಾಯಿತು. ನಮ್ಮ ಭೀಮಗಡದ ಬೆನ್ನಿಗೇ ಇರುವ ಆ ಕಾಡು ಹಾಗೆ ಉರಿದದ್ದು ಇಡೀ ಘಟ್ಟಕ್ಕೆ ಎಚ್ಚರಿಕೆ. ಒಣ ಕಾಡಿಗೆ ಒಂದು ನೀತಿ, ಹಸಿ ಕಾಡಿಗೆ ಇನ್ನೊಂದು ನೀತಿ ಬೇಕು. ಒಂದೇ ಸುತ್ತೋಲೆಯಲ್ಲಿ ಎರಡನ್ನೂ ಕಟ್ಟಿಹಾಕಲಾಗದು.

ಇನ್ನು ಬೆಂಕಿ ಹಚ್ಚುವವರ ಮಾತು. ಸಿಡಿಲಿನಿಂದ ನಮ್ಮಲ್ಲಿ ಕಾಡು ಹೊತ್ತಿಕೊಳ್ಳುವುದು ಅಪರೂಪ. ಫೆಬ್ರುವರಿಯಲ್ಲಿ ಸಿಡಿಲು ಬಲು ಕಡಿಮೆ. ಬಹುತೇಕ ಎಲ್ಲ ಬೆಂಕಿಯ ಹಿಂದೆ ಮನುಷ್ಯನ ಕೈ ಇದೆ. ಹೊಲದ ಬದು ಸುಡಲು ಹೋದದ್ದು ಗಾಳಿಗೆ ಹಾರಿದ್ದಿರಬಹುದು, ಎಳೆಹುಲ್ಲಿನ ಆಸೆಗೆ ದನಗಾಹಿ ಹಚ್ಚಿದ್ದಿರಬಹುದು, ಜೇನು ಕೀಳುವವನ ಸೂಡಿ ಇರಬಹುದು, ರಸ್ತೆಯಲ್ಲಿ ಹೋಗುವವನು ಎಸೆದ ಸಿಗರೇಟಿರಬಹುದು. ಇವೆಲ್ಲದರ ನಡುವೆ ಸಿಟ್ಟಿನ ಬೆಂಕಿಯೂ ಇದೆ. 1992ರಲ್ಲಿ ನಾಗರಹೊಳೆಯಲ್ಲಿ ಬೇಟೆಗಾರನೊಬ್ಬನ ಸಾವಿನ ನಂತರ ಎದ್ದ ಗಲಭೆಯಲ್ಲಿ ಸುಮಾರು 20 ಚದರ ಕಿಲೋಮೀಟರ್ ಕಾಡಿಗೆ ಬೆಂಕಿ ಇಟ್ಟರು. ಆ ಕೃತ್ಯಕ್ಕೆ ಕ್ಷಮೆ ಇಲ್ಲ. ಆದರೆ ರಾತ್ರಿಯಿಡೀ ಆನೆ ಕಾಯ್ದು ಬೆಳಗ್ಗೆ ನೆಲಕಚ್ಚಿದ ಬಾಳೆ ನೋಡುವ ರೈತನಿಗೆ, ಹುಲಿಗೆ ಹಸು ಕಳೆದುಕೊಂಡು ಪರಿಹಾರಕ್ಕೆ ಅಲೆಯುವ ಹೆಂಗಸಿಗೆ ಕಾಡು ತನ್ನದು ಎನಿಸದೇ ಹೋದರೆ, ಅದಕ್ಕೆ ಬೆಂಕಿ ಬಿದ್ದ ದಿನ ಓಡಿಬಂದು ಆರಿಸಬೇಕೆಂಬ ತುಡಿತವೂ ಅವರಲ್ಲಿ ಉಳಿಯುವುದಿಲ್ಲ. ಪರಿಹಾರದ ಕಡತ ಬೇಗ ಸಾಗುವುದೂ ಬೆಂಕಿ ತಡೆಯ ಕೆಲಸವೇ.

2019ರ ಬೆಂಕಿಯ ಹೊತ್ತಿನಲ್ಲಿ ಸುಟ್ಟ ಪ್ರಾಣಿಗಳ ಚಿತ್ರಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡಿದವು. ಅವುಗಳಲ್ಲಿ ಹಲವು ಬೇರೆ ದೇಶದ, ಬೇರೆ ಬೆಂಕಿಯ ಚಿತ್ರಗಳು. ದೂರದಲ್ಲಿ ಕೂತವರ ಮರುಕ ನಿಜವಾದದ್ದೇ, ಆದರೆ ಅದು ನಿಜವಾದ ಸುದ್ದಿಯ ಮೇಲೆ ನಿಂತಿರಲಿಲ್ಲ. ನಿಜದ ಸುದ್ದಿ ಕೊಡುವ ವ್ಯವಸ್ಥೆ ಈಗ ಚೆನ್ನಾಗಿಯೇ ಇದೆ. ಡೆಹ್ರಾಡೂನಿನ ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆ 2004ರಿಂದಲೂ ಉಪಗ್ರಹಗಳ ನೆರವಿನಿಂದ ಬೆಂಕಿಯ ಸುಳಿವು ಕೊಡುತ್ತಿದೆ. ಈಗಿನ ಉಪಕರಣಗಳು 375 ಮೀಟರ್ ಅಳತೆಯ ಚೌಕದೊಳಗಿನ ಕಾವನ್ನು ಗುರುತಿಸುತ್ತವೆ, ಎಸ್‌ಎಂಎಸ್ ನೇರವಾಗಿ ವಲಯದ ಸಿಬ್ಬಂದಿಯ ಮೊಬೈಲಿಗೆ ಬರುತ್ತದೆ. ಆದರೂ ಇದಕ್ಕೊಂದು ಮಿತಿ ಇದೆ. ಆ ಉಪಕರಣ ಹೊತ್ತ ಉಪಗ್ರಹ ನಮ್ಮ ತಲೆಯ ಮೇಲೆ ಹಾದುಹೋಗುವುದು ಮಧ್ಯಾಹ್ನ ಒಂದೂವರೆಯ ಸುಮಾರಿಗೆ, ಮತ್ತೆ ರಾತ್ರಿ ಒಂದೂವರೆಗೆ. ಮೂರು ಗಂಟೆಗೆ ಬಿದ್ದ ಬೆಂಕಿ ಅದರ ಕಣ್ಣಿಗೆ ಬೀಳುವ ಹೊತ್ತಿಗೆ ಅರ್ಧ ಬೆಟ್ಟ ಏರಿರುತ್ತದೆ. ಆ ಹನ್ನೆರಡು ಗಂಟೆಗಳ ಕತ್ತಲನ್ನು ತುಂಬುವುದು ಗುಡ್ಡದ ನೆತ್ತಿಯ ಕಾವಲುಗೋಪುರದಲ್ಲಿ ವಾಕಿಟಾಕಿ ಹಿಡಿದು ಕೂತ ವಾಚರ್. ಹೊಗೆಯ ಬಣ್ಣ ನೋಡಿ ಉರಿಯುತ್ತಿರುವುದು ಹುಲ್ಲೋ ಪೊದೆಯೋ, ಯಾವ ಹಳ್ಳದ ಮಗ್ಗುಲು, ಯಾವ ಕಾಲುದಾರಿಯಲ್ಲಿ ಹೋದರೆ ಬೇಗ ಮುಟ್ಟಬಹುದು ಎಂದು ಹೇಳಬಲ್ಲವನು ಅವನೇ.

ಅಂಥ ಬಹಳಷ್ಟು ವಾಚರ್‌ಗಳು ಜೇನುಕುರುಬರು, ಸೋಲಿಗರು, ಕಾಡಂಚಿನ ಹಳ್ಳಿಗರು. ಬೆಂಕಿಯ ಮೂರು ನಾಲ್ಕು ತಿಂಗಳಿಗೆ ಅವರನ್ನು ಕರೆಸಿಕೊಂಡು, ಮೊದಲ ಮಳೆ ಬಿದ್ದೊಡನೆ ಮನೆಗೆ ಕಳಿಸುತ್ತೇವೆ. ಮುಂದಿನ ವರ್ಷ ಅವರೇ ಬರುತ್ತಾರೆ ಎಂಬ ಖಾತ್ರಿ ಇಲ್ಲ. ಕೊಡಗಿನ ಕಾಫಿ ತೋಟದಲ್ಲಿ ಹೆಚ್ಚು ಕೂಲಿ ಸಿಕ್ಕರೆ ಅಲ್ಲಿಗೆ ಹೋಗುತ್ತಾರೆ, ಹೋಗಬೇಕಾದ್ದೂ ಸಹಜ. ಅವರೊಂದಿಗೆ ಆ ಕಾಡಿನ ಬೆಂಕಿಯ ನೆನಪೂ ಹೋಗುತ್ತದೆ.

ಇದನ್ನು ಬದಲಿಸಲು ಹೊಸ ಕಾಯ್ದೆ ಬೇಕಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಗ್ರಾಮಸಭೆಗೆ ತನ್ನ ಸಮುದಾಯದ ಕಾಡನ್ನು ಕಾಯುವ, ನಿರ್ವಹಿಸುವ ಹಕ್ಕು ಕೊಡುತ್ತದೆ. 2011ರ ಅಕ್ಟೋಬರಿನಲ್ಲಿ ಬಿಳಿಗಿರಿರಂಗನ ಬೆಟ್ಟದ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕು ಪತ್ರ ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಅಂಥ ಹಕ್ಕು ಸಿಕ್ಕ ಮೊದಲ ನಿದರ್ಶನಗಳಲ್ಲಿ ಅದೊಂದು. ಆ ಪತ್ರದಲ್ಲಿರುವ ನಿರ್ವಹಣೆಯ ಹಕ್ಕು ಬೆಂಕಿಯ ಯೋಜನೆಯಲ್ಲಿ ಕಾಣಬೇಕು. ಅಂದರೆ ಎಲ್ಲಿ ರೇಖೆ ಎಳೆಯಬೇಕು, ಯಾವ ಗುಡ್ಡದ ಲಂಟಾನ ಮೊದಲು ಹೋಗಬೇಕು, ಎಲ್ಲಿ ಕಾವಲು ಬೇಕು ಎಂಬುದನ್ನು ಪೋಡಿನ, ಅಂದರೆ ಸೋಲಿಗರ ಹಾಡಿಯ, ಹಿರಿಯರೂ ವಲಯ ಅರಣ್ಯಾಧಿಕಾರಿಯೂ ಒಂದೇ ಚಾಪೆಯ ಮೇಲೆ ಕೂತು, ಮಳೆಗಾಲ ಮುಗಿಯುವ ಮೊದಲೇ ತೀರ್ಮಾನಿಸಬೇಕು.

ಲಂಟಾನ ಕೀಳುವುದು ವರ್ಷವಿಡೀ ಕೆಲಸ ಕೊಡುವ ಕೂಲಿ. ಕಿತ್ತ ಲಂಟಾನದಿಂದ ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಕುರ್ಚಿ, ಬುಟ್ಟಿ ಹೆಣೆಯುತ್ತಾರೆ. ನೀಲಗಿರಿ ಸುತ್ತಿನ ಆದಿವಾಸಿ ಕುಶಲಕರ್ಮಿಗಳು ಅದೇ ಗಿಡದಿಂದ ನಿಜದಳತೆಯ ನೂರು ಆನೆಗಳನ್ನು ಕಟ್ಟಿದರು, ಅವು 2024ರಲ್ಲಿ ಅಮೆರಿಕದ ನಗರಗಳ ಉದ್ದಕ್ಕೂ ಪ್ರದರ್ಶನಗೊಂಡವು. ಕಾಡಿಗೆ ಶಾಪವಾದ ಗಿಡ ಕಾಡಿನ ಜನರ ಕೈಗೆ ದುಡಿಮೆಯಾಗಬಹುದು ಎಂಬುದಕ್ಕೆ ಇನ್ನು ಸಾಕ್ಷಿ ಬೇಕಿಲ್ಲ. ಬೇಕಿರುವುದು ಈ ಕೆಲಸಕ್ಕೆ ವರ್ಷ ವರ್ಷವೂ ತಪ್ಪದ ಹಣ. ಒಮ್ಮೆ ಕಿತ್ತು ಬಿಟ್ಟರೆ ಲಂಟಾನ ಮರಳಿ ಬರುತ್ತದೆ, ಮೂರ್ನಾಲ್ಕು ವರ್ಷ ಬೆನ್ನುಬಿಡದೆ ಸಸಿ ಕೀಳುತ್ತ ಹುಲ್ಲಿಗೆ ಜಾಗ ಬಿಟ್ಟುಕೊಟ್ಟರಷ್ಟೇ ನೆಲ ಉಳಿಯುತ್ತದೆ.

2019ರ ಪೆಟ್ಟಿನ ನಂತರ ಬಂಡೀಪುರದಲ್ಲಿ ಇಲಾಖೆ ರೇಖೆಯ ಕೆಲಸವನ್ನು ಬಿಗಿ ಮಾಡಿತು, ಹೆಚ್ಚು ವಾಚರ್‌ಗಳನ್ನು ತೆಗೆದುಕೊಂಡಿತು, ಡ್ರೋನ್ ಹಾರಿಸಿತು. ಮುಂದಿನ ಕೆಲವು ವರ್ಷ ಅಲ್ಲಿ ಅಂಥ ಬೆಂಕಿ ಕಾಣಲಿಲ್ಲ. ಮಾಡಿದರೆ ಆಗುತ್ತದೆ ಎಂಬುದು ಇದರಿಂದ ಗೊತ್ತಾಯಿತು. ಭಾರತದ ಕಾಡುಗಳಲ್ಲಿ ನೂರಕ್ಕೆ 36ರಷ್ಟು ಪದೇ ಪದೇ ಬೆಂಕಿಗೆ ತುತ್ತಾಗುವಂಥವು ಎಂದು ಅರಣ್ಯ ಸಮೀಕ್ಷಾ ಸಂಸ್ಥೆಯೇ ಹೇಳಿರುವಾಗ, ಒಂದು ಬಂಡೀಪುರದಲ್ಲಿ ಆದದ್ದು ಹಾಸನದ ಬೆಟ್ಟಗಳಲ್ಲಿ, ಕಾಳಿ ಕೊಳ್ಳದಲ್ಲಿ, ಮಲೆ ಮಹದೇಶ್ವರದಲ್ಲಿ, ಪ್ರವಾಸಿಗರ ಕಣ್ಣಿಗೆ ಬೀಳದ ಸಣ್ಣ ಮೀಸಲು ಅರಣ್ಯಗಳಲ್ಲಿಯೂ ಆಗಬೇಕು.

ಸರ್ಕಾರದ ಮುಂದೆ ಇಡಬಹುದಾದ ಬೇಡಿಕೆ ದೊಡ್ಡದೇನಲ್ಲ. ಬೆಂಕಿ ತಡೆಯ ಹಣ ಸೆಪ್ಟೆಂಬರ್ ಮುಗಿಯುವ ಮೊದಲು ವಲಯ ಕಚೇರಿಯ ಖಾತೆಯಲ್ಲಿರಲಿ. ವಾಚರ್‌ಗಳ ಪಟ್ಟಿ ದಸರಾ ಹೊತ್ತಿಗೆ ಸಿದ್ಧವಾಗಿ, ಅವರಿಗೆ ವರ್ಷದ ಹನ್ನೆರಡು ತಿಂಗಳೂ ಸಂಬಳ ಸಿಗಲಿ, ವಿಮೆ ಇರಲಿ. ಬೆಂಕಿಗೆ ಹೋಗುವ ಪ್ರತಿಯೊಬ್ಬರ ಮೈಮೇಲೆ ದಪ್ಪ ಹತ್ತಿಯ ಉಡುಪು, ಕಾಲಿಗೆ ಚರ್ಮದ ಬೂಟು ಇರಲಿ. ಬಿಳಿಗಿರಿರಂಗನ ಬೆಟ್ಟದಲ್ಲಿ ಲಂಟಾನ ಕಿತ್ತ ಒಂದು ತುಂಡು ನೆಲವನ್ನು ಆರಿಸಿಕೊಂಡು, ಈ ಜನವರಿಯಲ್ಲಿ ಸೋಲಿಗ ಹಿರಿಯರ ಕೈಯಿಂದ ತರಗು ಬೆಂಕಿ ಕೊಡಿಸಿ, ಪಕ್ಕದಲ್ಲೇ ಬೆಂಕಿ ಮುಟ್ಟದ ಇನ್ನೊಂದು ತುಂಡನ್ನೂ ಬಿಟ್ಟು, ಇಲಾಖೆಯವರು, ವಿಜ್ಞಾನಿಗಳು, ಪೋಡಿನ ಜನ ಮೂವರೂ ಸೇರಿ ಐದು ವರ್ಷ ಅಲ್ಲಿನ ನೆಲ್ಲಿ ಸಸಿಗಳನ್ನು ಎಣಿಸಲಿ.